ಟ್ಯೂನ್ 48, ಕುಣಿತ 64: ಯಾವುದನ್ನು ಕತ್ತರಿಸೋದು?

ಪ್ರಶ್ನೆ: ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋದಾಗ ಕಾಂಟ್ರಾ ಡಾನ್ಸ್ ಕಲಿತು ಬಂದೆ. ಎರಡು ಸಾಲಲ್ಲಿ ಎದುರುಬದುರು ನಿಂತು ಕುಣಿಯೋದು. ಈಗ ನಮ್ಮ ಮಹಿಳಾ ಮಂಡಳದವರಿಗೆ ಹೇಳಿಕೊಡ್ತಾ ಇದ್ದೇನೆ. ಪಿಟೀಲು ನುಡಿಸುವ ನಮ್ಮ ಭಾವ ಒಂದು ಟ್ಯೂನ್ ಕಟ್ಟಿಕೊಟ್ಟಿದ್ದಾರೆ. ಚೆಂದ ಇದೆ, ಆದರೆ 48 ಎಣಿಕೆಗೇ ಮುಗಿಯುತ್ತದೆ. ನಾನು ಕಲಿತ ಕುಣಿತ 64. ಎರಡನೇ ಸುತ್ತಿಗೇ ಎಲ್ಲ ಗೋಜಲು. ಏನು ಮಾಡಲಿ?
– ಓದುಗರೊಬ್ಬರು, ಶಿರಸಿ

ಉತ್ತರ: ಕುಣಿತ ಕತ್ತರಿಸಿ. ಭಾವನವರ ಟ್ಯೂನ್ ಮುಟ್ಟಬೇಡಿ.

ಸಾಮಾನ್ಯ ಕಾಂಟ್ರಾ ಟ್ಯೂನಿಗೆ ಎರಡು ಭಾಗ, ಒಂದೊಂದು 16 ಎಣಿಕೆ, ಎರಡೆರಡು ಸಲ ನುಡಿಸಿದರೆ 64. ಕುಣಿಯುವವರು ಎಣಿಸುತ್ತಾ ಕೂರುವುದಿಲ್ಲ, ಭಾಗ ಬದಲಾದದ್ದನ್ನು ಕಿವಿಯಲ್ಲೇ ಹಿಡಿದು ಮುಂದಿನ ಹೆಜ್ಜೆಗೆ ಹೋಗುತ್ತಾರೆ. ನೀವು ಎರಡನೇ ಸುತ್ತು ಶುರು ಮಾಡುವಾಗ ಟ್ಯೂನ್ ಆಗಲೇ 16 ಎಣಿಕೆ ಮುಂದೆ ಹೋಗಿರುತ್ತದೆ. ಎರಡೂ ಮತ್ತೆ ಒಟ್ಟಿಗೆ ಶುರುವಾಗೋದು 192 ಎಣಿಕೆ ಕಳೆದ ಮೇಲೆ! ಝಂಪೆ ತಾಳದ ಪದ್ಯಕ್ಕೆ ಏಕತಾಳದ ಹೆಜ್ಜೆ ಹಾಕಿದರೆ ಭಾಗವತರು ಹೇಗೆ ನೋಡ್ತಾರೆ, ಹಾಗೆ ಇದು.

48 ಅಂದ್ರೆ ಕಡಿಮೆ ಅಂತ ಬೇಜಾರು ಬೇಡ. ಅಮೆರಿಕದ ನ್ಯೂ ಇಂಗ್ಲೆಂಡಿನಲ್ಲಿ 'ಮನಿ ಮಸ್ಕ್' ಎಂಬ ಹಳೇ ಕುಣಿತವನ್ನು 48ರಲ್ಲೇ ಕುಣಿಯುತ್ತಾರೆ.

ಆದರೆ ಬಾಲ ಕತ್ತರಿಸಬೇಡಿ ಮಾರಾಯ್ರೆ. ಹೆಚ್ಚಿನ ಕುಣಿತಗಳಲ್ಲಿ ಮುಂದಿನ ಜೋಡಿಯ ಎದುರು ಹೋಗುವುದು ಕೊನೆಯಲ್ಲೇ, ಅದು ಹೋದರೆ ಇಡೀ ಸಂಜೆ ಅದೇ ನೆರೆಯವರು, ಅಂದರೆ ಎದುರಿಗಿರುವ ಅದೇ ಜೋಡಿಯವರು. ಎಲ್ಲ ಹೆಜ್ಜೆಯಿಂದ ಎರಡೆರಡು ಎಣಿಕೆ ಕದಿಯುವುದೂ ಬೇಡ, ಸುಮ್ನೆ ಓಡಬೇಕಾಗುತ್ತದೆ. ನಡುವಿನ 16 ಎಣಿಕೆಯ ಹೆಜ್ಜೆಗಳನ್ನು ಇಡಿಯಾಗಿ ತೆಗೆಯಿರಿ.

ಹೀಗೆ ಮಾಡಿ ನೋಡಿ. ಎರಡೆರಡು ಜೋಡಿ ಸೇರಿದ ಪ್ರತಿ ನಾಲ್ವರಲ್ಲಿ ಮೊದಲನೇ ಜೋಡಿ ತಮ್ಮತಮ್ಮಲ್ಲೇ ಜಾಗ ಅದಲುಬದಲು ಮಾಡಿಕೊಂಡು ನಿಲ್ಲಲಿ. ನೆರೆಯವರ ಜೊತೆ ಬ್ಯಾಲೆನ್ಸ್ (ಕೈಹಿಡಿದು ಒಂದು ಹೆಜ್ಜೆ ಹತ್ತಿರ, ಒಂದು ಹೆಜ್ಜೆ ಹಿಂದೆ) ಮಾಡಿ ಸ್ವಿಂಗ್ (ಇಬ್ಬರೂ ಹಿಡಿದುಕೊಂಡು ನಿಂತಲ್ಲೇ ಗಿರಗಿರ ಸುತ್ತೋದು), 16. ನಾಲ್ವರೂ ಕೈಹಿಡಿದು ಎಡಕ್ಕೆ ಮುಕ್ಕಾಲು ಸುತ್ತು, 8. ಈಗ ನಿಮ್ಮ ಜೊತೆಗಾರ್ತಿ ನಿಮ್ಮ ಪಕ್ಕದಲ್ಲೇ ಇರುತ್ತಾರೆ, ಅವರ ಜೊತೆ ಸ್ವಿಂಗ್, 8. ಎರಡೂ ಸಾಲು ಮುಂದೆ ಬಂದು ಹಿಂದೆ ಸರಿಯಲು 8. ಮತ್ತೆ ಎಡಕ್ಕೆ ಮುಕ್ಕಾಲು ಸುತ್ತಿ, ನೆರೆಯವರನ್ನು ದಾಟಿ ಹೊಸಬರ ಎದುರು ನಿಲ್ಲಲು 8. ಲೆಕ್ಕ ಸರಿ ಆಯ್ತು ಅಲ್ವಾ?

ಪ್ರತಿ ಸ್ವಿಂಗ್ ಮುಗಿದಾಗ ಬಲಗಡೆಯವರು ಬಲಗಡೆಗೇ ನಿಲ್ಲಬೇಕು, ಇದು ತಪ್ಪಿದರೆ ಮುಂದಿನದೆಲ್ಲ ತಪ್ಪುತ್ತದೆ. ಎಲ್ಲರೂ ಹೆಂಗಸರೇ ಆದ್ದರಿಂದ ಬಲಗಡೆಯವರ ಕೈಗೊಂದು ಕರ್ಚೀಫು ಕಟ್ಟಿ.

ಭಾವ ಮುಂದಿನ ಸಲ 52ರ ಟ್ಯೂನ್ ತಂದರೂ ಹೆದರಬೇಡಿ. ಕೆನಡಾದ ಕ್ವಿಬೆಕ್ ಕಡೆ ಇಂಥ ಸೊಟ್ಟ ಟ್ಯೂನ್ ಬೇಕಾದಷ್ಟಿವೆ. ಬ್ಯಾಲೆನ್ಸಿಗೆ 4 ಎಣಿಕೆ, ಟ್ಯೂನ್ ಎಲ್ಲಿ ಉದ್ದವಾಗಿದೆಯೋ ಅಲ್ಲೇ ಒಂದು ಜಾಸ್ತಿ ಹಾಕಿ. 49 ತಂದರೆ ಮಾತ್ರ ಚಾ ಕುಡಿಸಿ ವಾಪಸ್ ಕಳಿಸಿ.