ಚಳ್ಳಕೆರೆ, ಜಗಳೂರು ಕಡೆಯ ಸಣ್ಣ ರೈತರಿಗೆ ಬೋರ್‌ವೆಲ್ ಕೊರೆಸಿಕೊಡೋದು ಸರಿನಾ?

ಬೆಂಗಳೂರಿನ ಗೆಳೆಯರೆಲ್ಲ ದುಡ್ಡು ಹಾಕಿ, ಮಳೆ ಕೈಕೊಟ್ಟ ನಮ್ಮ ಕಡೆಯ ಬಡ ರೈತರಿಗೆ ಬೋರ್ ಹಾಕಿಸಬೇಕು ಅಂದುಕೊಂಡಿದ್ದೀರಿ. ನಿಮ್ಮ ಮನಸ್ಸು ದೊಡ್ಡದು. ಆದರೆ ಬೋರ್ ಮಾತ್ರ ಬೇಡ. ನಾನು ಚಳ್ಳಕೆರೆ ತಾಲ್ಲೂಕಿನವನು, ಮನೆಯಲ್ಲಿ ಈಗಲೂ ಶೇಂಗಾ ಬೆಳೆಯುತ್ತೇವೆ, ಅದಕ್ಕೇ ಹೇಳುತ್ತಿದ್ದೇನೆ.

ಇಲ್ಲಿ ನೆಲದೊಳಗಿನ ನೀರನ್ನು ಆಗಲೇ ಮಿತಿಮೀರಿ ಎತ್ತಿಯಾಗಿದೆ. ಸಾವಿರ ಅಡಿ ಇಳಿದರೂ ಧೂಳೇ ಬರೋದು ಹೊಸದೇನಲ್ಲ. ಒಂದು ವೇಳೆ ನೀರು ಬಿತ್ತು ಅನ್ನಿ, ಪಕ್ಕದ ಹೊಲದ ಬೋರ್ ಬತ್ತುತ್ತದೆ. ಒಬ್ಬನಿಗೆ ಕೊಟ್ಟು ಇನ್ನೊಬ್ಬನಿಂದ ಕಿತ್ತುಕೊಂಡ ಹಾಗೆ, ಅಲ್ವಾ?

ಮಳೆಯ ಲೆಕ್ಕವೇ ತಪ್ಪಿದೆ. 2022ರಲ್ಲಿ ಹಿರಿಯೂರಿನ ಹತ್ತಿರದ ವಾಣಿವಿಲಾಸ ಸಾಗರ ಅಣೆಕಟ್ಟು 1933ರ ನಂತರ ಮೊದಲ ಸಲ ಕೋಡಿ ಬಿತ್ತು. ಊರೂರಿಂದ ಜನ ನೋಡೋಕೆ ಹೋದರು. ಮರುವರ್ಷವೇ ಬರ. ಒಂದೇ ವರ್ಷದೊಳಗೂ ಇದೇ ಕಥೆ: ಬಿತ್ತಿದ ಮೇಲೆ ವಾರಗಟ್ಟಲೆ ಹನಿ ಇಲ್ಲ, ಕೀಳುವ ಹೊತ್ತಿಗೆ ಜಡಿ ಹಿಡಿದು ಕಾಯಿ ಹೊಲದಲ್ಲೇ ಮೊಳಕೆ.

ಶೇಂಗಾ ಹೂ ಬಿಟ್ಟ ಮೇಲೆ ಊಡು, ಅಂದರೆ ಹೂವಿನಿಂದ ಹೊರಟು ತುದಿಯಲ್ಲಿ ಕಾಯಿ ಕಟ್ಟುವ ಎಳೆ, ಮಣ್ಣಿಗೆ ಇಳಿಯಬೇಕು. ಆಗ ನೆಲ ಬಿರುಸಾಗಿದ್ದರೆ ಊಡು ಒಳಗೆ ಹೋಗದೆ ಮೇಲೇ ಒಣಗುತ್ತದೆ. ದೂರದಿಂದ ಹೊಲ ಹಸಿರಾಗೇ ಕಾಣುತ್ತೆ, ಕಿತ್ತು ನೋಡಿದರೆ ಗಿಡಕ್ಕೆ ನಾಲ್ಕು ಕಾಯಿ. ಆ ಹೊತ್ತಿಗೆ ಒಂದೇ ಒಂದು ನೀರು ಸಿಕ್ಕರೂ ಬೆಳೆ ಉಳಿಯುತ್ತದೆ.

ಆ ಒಂದು ನೀರಿಗೆ ಹೊಲದಲ್ಲೇ ಮಳೆನೀರು ಹಿಡಿದಿಡುವ ಕೃಷಿ ಹೊಂಡ ಸಾಕು. ಒಂದು ಎಕರೆಗೆ ಒಂದು ಇಂಚು ನೀರು ಅಂದರೆ ಸುಮಾರು 1 ಲಕ್ಷ ಲೀಟರ್. 12 ಮೀಟರ್ ಉದ್ದ, ಅಷ್ಟೇ ಅಗಲ, 3 ಮೀಟರ್ ಆಳದ ಹೊಂಡವನ್ನು ಬದಿ ಇಳಿಜಾರಾಗಿ ತೆಗೆದರೂ ಎರಡೂವರೆ ಲಕ್ಷ ಲೀಟರ್ ಹಿಡಿಯುತ್ತದೆ. ಎರಡು ಎಕರೆಗೆ ಒಂದು ಸಲ ಹಾಯಿಸಬಹುದು. ಕೆಂಪು ಮಣ್ಣಾದರೆ ತಳಕ್ಕೂ ಬದಿಗೂ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಲೇಬೇಕು, ಇಲ್ಲದಿದ್ದರೆ ಇಂಗಿ ಹೋಗುತ್ತದೆ.

ಹೊಂಡಕ್ಕೆ ರಾಜ್ಯ ಸರ್ಕಾರದ ಕೃಷಿ ಭಾಗ್ಯ ಯೋಜನೆಯ ಸಹಾಯಧನ ಇದೆ. ಆದರೂ ಎಷ್ಟೋ ಕಡೆ ಹೊಂಡ ತುಂಬಿದೆ, ಬೆಳೆ ಬಾಡಿದೆ. ಯಾಕೆ? ನೀರೆತ್ತೋಕೆ ಪಂಪ್ ಇಲ್ಲ. ನಿಮ್ಮ ದುಡ್ಡು ಇಲ್ಲಿಗೆ ಬರಲಿ. ಅಕ್ಕಪಕ್ಕದ ಏಳೆಂಟು ಮನೆಗೆ ಸೇರಿ ಒಂದು ಡೀಸೆಲ್ ಪಂಪ್, ಒಂದು ಸೆಟ್ ಪೈಪು, ಸ್ಪ್ರಿಂಕ್ಲರ್. ಯಾರ ಸರದಿ ಯಾವಾಗ ಅನ್ನೋದನ್ನು ಬಿತ್ತನೆಗೆ ಮುಂಚೆಯೇ ಅವರೇ ಕೂತು ಗೊತ್ತು ಮಾಡಿಕೊಳ್ಳಲಿ. ನೀವು ತಲೆ ಹಾಕಬೇಡಿ.

ಇನ್ನೊಂದು ಕೆಲಸಕ್ಕೆ ದುಡ್ಡೇ ಅಷ್ಟು ಬೇಡ, ಓಡಾಟ ಬೇಕು. ತೀರಾ ಕಷ್ಟದಲ್ಲಿರೋರ ಪಹಣಿ ಎಷ್ಟೋ ಸಲ ಸತ್ತ ಮಾವನ ಹೆಸರಲ್ಲೋ ತಾತನ ಹೆಸರಲ್ಲೋ ಇರುತ್ತದೆ. ಗಂಡ ತೀರಿಕೊಂಡ ಹೆಣ್ಣುಮಗಳು ಹೊಲ ಮಾಡುತ್ತಿರುತ್ತಾಳೆ, ಅವಳ ಹೆಸರಿಗೆ ಸಹಾಯಧನವೂ ಬರಲ್ಲ, ಬರ ಪರಿಹಾರವೂ ಬರಲ್ಲ. ಪೌತಿ ಖಾತೆ, ಅಂದರೆ ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ, ಮಾಡಿಸೋಕೆ ಜೊತೆಗೆ ನಾಡಕಚೇರಿಗೆ ಹೋಗುವ ಒಬ್ಬ ಹುಡುಗನನ್ನು ಇಡಿ. ನನ್ನ ಕೇಳಿದರೆ ಪಂಪಿಗಿಂತ ಇದೇ ಮೊದಲು. ಕೋರಿಗೆ, ಅಂದರೆ ಬೇರೆಯವರ ಹೊಲವನ್ನು ಬೆಳೆಯಲ್ಲಿ ಪಾಲು ಕೊಟ್ಟು ಮಾಡೋರಿಗೆ ಮಾತ್ರ ಇದರಿಂದ ಏನೂ ಸಿಗಲ್ಲ, ಅವರಿಗೆ ನಿಮ್ಮ ಕೈಯಿಂದಲೇ ಬೀಜ, ಗೊಬ್ಬರ ಕೊಡಿಸಬೇಕು.

ಬೆಳೆಯ ವಿಷಯ ಜಾಸ್ತಿ ಹೇಳಲ್ಲ. ಶೇಂಗಾದ ಮಧ್ಯೆ ತೊಗರಿ ಸಾಲು ಹಾಕೋದು ಇಲ್ಲಿನವರಿಗೆ ಗೊತ್ತೇ ಇದೆ. ಮಳೆ ತಡವಾದರೆ ನವಣೆ, ಸಾವೆ, ಹುರುಳಿಯ ಬೀಜ ಆ ಹೊತ್ತಿಗೆ ಕೈಗೆ ಸಿಗಬೇಕು, ಅಷ್ಟೇ. ಹಿರಿಯೂರಿನ ಬಬ್ಬೂರು ಫಾರ್ಮ್‌ನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಒಮ್ಮೆ ವಿಚಾರಿಸಿ.

ಹೊಂಡ ತೆಗೆಸೋದಾದರೆ ಬೇಸಿಗೆಯಲ್ಲೇ ಮುಗಿಸಿ, ಬಿತ್ತಿದ ಮೇಲೆ ಹೊಲಕ್ಕೆ ಜೆಸಿಬಿ ಇಳಿಸೋಕಾಗಲ್ಲ. ಸುತ್ತ ತಂತಿ ಬೇಲಿ ಹಾಕಿಸಿ. ಒಳಗೆ ಗಂಟು ಹಾಕಿದ ಹಗ್ಗವನ್ನೂ ಇಳಿಬಿಡಿಸಿ: ಆ ಪ್ಲಾಸ್ಟಿಕ್ ಮೇಲೆ ಕಾಲು ಜಾರಿದರೆ ಈಜು ಬಂದವರೂ ಮೇಲೆ ಹತ್ತೋದು ಕಷ್ಟ.