ಕರಾವಳಿಯವರು ಊರಿಗೆ ಹೋಗಲು ರೈಲಿಗಿಂತ ಬಸ್ಸನ್ನೇ ಯಾಕೆ ನೆಚ್ಚಿಕೊಂಡಿದ್ದಾರೆ?

ಬೆಂಗಳೂರು–ಮಂಗಳೂರು ರೈಲಿಗೆ ಟಿಕೆಟ್ ಸಿಗೋದೇ ಕಷ್ಟ, ಆದರೂ ಊರಿಗೆ ಹೊರಟವರೆಲ್ಲ ಮೊದಲು ಬಸ್ಸನ್ನೇ ಯಾಕೆ ನೋಡುತ್ತಾರೆ ಅಂತ ಕೇಳಿದ್ದೀರಿ. ನಾನು ಪುತ್ತೂರು ಕಡೆಯವನು, ಕೆಲಸ ಬೆಂಗಳೂರಿನಲ್ಲಿ. ನನ್ನ ಪ್ರಕಾರ ದೊಡ್ಡ ಕಾರಣ ಒಂದೇ. ನಡುವೆ ಹನ್ನೊಂದು ವರ್ಷ ನಮಗೆ ಈ ದಾರಿಯಲ್ಲಿ ರೈಲೇ ಇರಲಿಲ್ಲ.

ಹಾಸನ–ಮಂಗಳೂರು ಮೀಟರ್ ಗೇಜ್ (ಕಡಿಮೆ ಅಗಲದ) ಹಳಿ ಪೂರ್ತಿಯಾಗಿದ್ದು 1979ರಲ್ಲಿ. ಅದನ್ನು ಅಗಲದ ಬ್ರಾಡ್‌ಗೇಜ್ ಮಾಡೋಕೆ ಅಂತ 1996ರಲ್ಲಿ ಘಾಟಿ ದಾರಿ ನಿಲ್ಲಿಸಿದರು. ಗೂಡ್ಸ್ ರೈಲು ಓಡಿದ್ದು 2006ರಲ್ಲಿ, ಜನ ಹತ್ತುವ ರೈಲು ಬಂದಿದ್ದು 2007ರ ಡಿಸೆಂಬರಿನಲ್ಲಿ. ಆ ನಡುವೆಯೇ ಅಲ್ವಾ ನಮ್ಮ ಕಡೆಯ ಹುಡುಗ ಹುಡುಗಿಯರು ಸಾಲುಸಾಲಾಗಿ ಬೆಂಗಳೂರಿಗೆ ಕೆಲಸಕ್ಕೆ ಬಂದಿದ್ದು! ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಊರಿನ ಪೇಟೆಯಲ್ಲೇ ಇಳಿಯಬಹುದಿತ್ತು. ಆ ಅಭ್ಯಾಸ ಅಷ್ಟು ಸುಲಭಕ್ಕೆ ಬಿಡುವುದಿಲ್ಲ.

ರೈಲು ವಾಪಸ್ ಬಂದಾಗಲೂ ಸುತ್ತು ದಾರಿ. ಮೈಸೂರು ಮೇಲೋ ಅರಸೀಕೆರೆ ಮೇಲೋ ಹೋಗಬೇಕಿತ್ತು. ಕುಣಿಗಲ್, ಶ್ರವಣಬೆಳಗೊಳದ ಮೇಲೆ ಬೆಂಗಳೂರಿನಿಂದ ಹಾಸನಕ್ಕೆ ನೇರ ಹಳಿ ಶುರುವಾಗಿದ್ದು 2017ರಲ್ಲಿ.

ಇನ್ನು ನಿಧಾನದ ವಿಷಯ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿ.ಮೀ. ಅಷ್ಟರಲ್ಲೇ ಐವತ್ತಕ್ಕೂ ಜಾಸ್ತಿ ಸುರಂಗ, ನೂರಕ್ಕೂ ಜಾಸ್ತಿ ಸೇತುವೆ. ಐವತ್ತು ಮೀಟರ್ ಹೋದರೆ ಒಂದು ಮೀಟರ್ ಏರು. ನಮ್ಮೂರಿಂದ ಬರುವಾಗ ಸುಬ್ರಹ್ಮಣ್ಯ ರೋಡ್‌ನಲ್ಲಿ ರೈಲು ಸುಮಾರು ಹೊತ್ತು ನಿಲ್ಲುತ್ತದೆ. ಹಿಂದಿನಿಂದ ತಳ್ಳುವ ಬ್ಯಾಂಕರ್ ಎಂಜಿನ್ ಸೇರಿಸುವುದು ಅಲ್ಲೇ. ಮಲಗಿದವರಿಗೂ ಒಂದು ಕುಲುಕು ತಾಗುತ್ತದೆ. ಆಮೇಲೆ ಗಂಟೆಗೆ 30 ಕಿ.ಮೀ. ಆಸುಪಾಸಿನಲ್ಲೇ ಏರಬೇಕು. ಒಂಟಿ ಹಳಿ ಬೇರೆ. ಎದುರಿನಿಂದ ಗೂಡ್ಸ್ ಬಂದರೆ ಘಾಟಿಯ ನಡುವಿನ ಎಡಕುಮೇರಿಯಲ್ಲೋ ಕಡಗರವಳ್ಳಿಯಲ್ಲೋ ಅದು ದಾಟುವ ತನಕ ಕಾಯಬೇಕು. ಹಾಗಾಗಿ ಬೇಡಿಕೆ ಇದೆ ಅಂತ ಸುಮ್ನೆ ನಾಲ್ಕು ರೈಲು ಜಾಸ್ತಿ ಬಿಡೋಕೂ ಆಗುವುದಿಲ್ಲ. ಮಳೆಗಾಲದಲ್ಲಿ ಗುಡ್ಡ ಜರಿಯುವ ಭಯ. 2018ರ ಆಗಸ್ಟ್‌ನಲ್ಲಿ ಜರಿದಾಗ ವಾರಗಟ್ಟಲೆ ರೈಲು ಇರಲಿಲ್ಲ. 2024ರ ಜುಲೈನಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಜರಿದು ಮತ್ತೆ ನಿಂತಿತು.

ಇಷ್ಟಾದರೂ ಜನ ರೈಲಿಗೆ ವಾಪಸ್ ಬರುತ್ತಿದ್ದಾರೆ. 2020ರ ಮಾರ್ಚ್‌ನಲ್ಲಿ ಬಂದ, ಬೆಂಗಳೂರಿನಿಂದ ಕಾರವಾರದ ಕಡೆ ಹೋಗುವ ಪಂಚಗಂಗಾ ಎಕ್ಸ್‌ಪ್ರೆಸ್ ನೋಡಿ. ಮೊದಲು ಕಾರವಾರದ ರೈಲು ಮಂಗಳೂರು ಸೆಂಟ್ರಲ್‌ಗೆ ಹೋಗಿ, ಎಂಜಿನ್ ತಿರುಗಿಸಿಕೊಂಡು ಹೊರಡಬೇಕಿತ್ತು. ಪಂಚಗಂಗಾ ಮಂಗಳೂರಿನ ಹೊರವಲಯದ ಪಡೀಲ್‌ನಲ್ಲೇ ತಿರುಗಿ ನೇರ ಉತ್ತರಕ್ಕೆ ಹೋಗುತ್ತದೆ. ಉಡುಪಿ, ಕುಂದಾಪುರದವರಿಗೆ ಉಳಿದ ಸಮಯ ಸಣ್ಣದಲ್ಲ. ಹಳಿ ಅದೇ, ಘಾಟಿ ಅದೇ, ಬದಲಾಗಿದ್ದು ದಾರಿ ಮತ್ತು ವೇಳಾಪಟ್ಟಿ. ರೈಲಿನಲ್ಲಿ ಹೋಗುವವರೇ ಇಲ್ಲ ಅಂತ ಕೆಲವರು ಹೇಳುವ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ. ಮನೆಯ ಹಿರಿಯರು, ಮಕ್ಕಳಿಗೆ ಚಾರ್ಮಾಡಿ, ಶಿರಾಡಿ ತಿರುವುಗಳಲ್ಲಿ ಬಸ್ಸಿನಲ್ಲಿ ವಾಂತಿ ಬರುತ್ತದೆ. ರೈಲಿನಲ್ಲಿ ಅವರು ಕಾಲು ಚಾಚಿ ಮಲಗುತ್ತಾರೆ, ಶೌಚಾಲಯಕ್ಕೆ ಯಾರನ್ನೂ ಕೇಳಬೇಕಿಲ್ಲ.

ನೀವು ಹೋಗುವುದಾದರೆ, ಬುಕಿಂಗ್ ತೆರೆದ ದಿನವೇ ಟಿಕೆಟ್ ಮಾಡಿಸಿ. ಘಾಟಿ ನೋಡಬೇಕಿದ್ದರೆ ಹಗಲು ರೈಲು, ದೊಡ್ಡ ಗಾಜಿನ ಕಿಟಕಿಗಳ ವಿಸ್ಟಾಡೋಮ್ ಬೋಗಿ ಇರುವುದು ಅದರಲ್ಲೇ. ಜೂನ್‌ನಿಂದ ಆಗಸ್ಟ್‌ವರೆಗೆ ಆದರೆ ಹೊರಡುವ ಮೊದಲು ರೈಲು ಓಡುತ್ತಿದೆಯಾ ಅಂತ ಒಮ್ಮೆ ನೋಡಿಕೊಳ್ಳಿ.