ಹಳೇ ವಿಂಡೋಸ್‌ನಲ್ಲಿ ಹೊಸ ಸಾಫ್ಟ್‌ವೇರ್ ಓಪನ್ ಆಗ್ತಿಲ್ಲ, ಏನ್ಮಾಡೋದು?

ಪ್ರಶ್ನೆ: ನಮ್ದು ತಾಲೂಕು ಆಫೀಸ್ ಎದುರಿಗೆ ಡಿಟಿಪಿ, ಜೆರಾಕ್ಸ್ ಅಂಗಡಿ. ಸಿಸ್ಟಮ್ ವಿಂಡೋಸ್ 7, 32 ಬಿಟ್, 2 ಜಿಬಿ ರ‍್ಯಾಮ್. ಪೇಜ್‌ಮೇಕರ್, ನುಡಿ, ಹಳೇ ಪ್ರಿಂಟರ್ ಎಲ್ಲಾ ಅದರಲ್ಲೇ ಚೆನ್ನಾಗಿ ನಡೀತಿರೋದ್ರಿಂದ ಬದಲಾಯ್ಸೋಕೆ ಹೋಗಿಲ್ಲ. ಈಗ ಒಂದು ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಿದೀನಿ, ಇನ್‌ಸ್ಟಾಲ್ ಏನೋ ಆಯ್ತು, ಐಕಾನ್ ಒತ್ತಿದ್ರೆ ಮಾತ್ರ 'ಎಪಿಐ-ಎಂಎಸ್-ವಿನ್-ಸಿಆರ್‌ಟಿ-ರನ್‌ಟೈಮ್' ಅಂತ ಶುರುವಾಗೋ ಡಿಎಲ್ಎಲ್ ಫೈಲ್ ಇಲ್ಲ ಅಂತ ಬರ್ತಿದೆ. ಕಂಪ್ಯಾಟಿಬಿಲಿಟಿ ಮೋಡ್ ಹಾಕಿದ್ರೂ ಅದೇ ಕಥೆ. ಆ ಫೈಲ್ ಒಂದನ್ನೇ ನೆಟ್‌ನಿಂದ ಇಳಿಸಿ ಸಿಸ್ಟಮ್32 ಫೋಲ್ಡರ್‌ಗೆ ಹಾಕಿ ಅಂತಿದಾರೆ, ಹಾಕ್ಲಾ? (ಹಾವೇರಿ ಜಿಲ್ಲೆಯ ಓದುಗರು)

ಉತ್ತರ: ದಯವಿಟ್ಟು ಹಾಕ್ಬೇಡಿ. ಡಿಎಲ್ಎಲ್ ಅಂದ್ರೆ ಸಾಫ್ಟ್‌ವೇರ್ ಓಡೋಕೆ ಬೇಕಾಗೋ ಸಹಾಯಕ ಫೈಲ್. ಅದನ್ನ ಬಿಡಿಬಿಡಿಯಾಗಿ ಕೊಡೋ ಸೈಟ್‌ಗಳಲ್ಲಿ ಫೈಲ್ ಯಾರು ಇಟ್ರು, ಒಳಗೆ ಇನ್ನೇನು ಸೇರ್ಸಿದಾರೆ ಅಂತ ನಿಮಗೂ ಗೊತ್ತಾಗಲ್ಲ ನನಗೂ ಗೊತ್ತಾಗಲ್ಲ, ಜನರ ಆಧಾರ್ ಕಾಪಿ, ಪಹಣಿ ಎಲ್ಲಾ ಇರೋ ಸಿಸ್ಟಮ್ ಅದು. ಅಲ್ಲದೆ ಒಂದು ಹಾಕಿದ್ರೆ ಇನ್ನೊಂದು ಇಲ್ಲ ಅನ್ನುತ್ತೆ, ಯಾಕಂದ್ರೆ ಇವು ಗುಂಪಾಗಿ ಬರೋ ಫೈಲ್‌ಗಳು.

ನಿಮ್ಮ ಮೆಸೇಜಲ್ಲಿ 'ಸಿಆರ್‌ಟಿ' ಅಂತ ಇದೆಯಲ್ಲ, ಅದು ಒಳ್ಳೇ ಸುದ್ದಿ. ಸಿ ಭಾಷೆಯಲ್ಲಿ ಬರೆದ ಪ್ರೋಗ್ರಾಮ್‌ಗಳಿಗೆಲ್ಲಾ ಬೇಕಾಗೋ ಸಾಮಾನ್ಯ ಕೆಲಸಗಳ ಲೈಬ್ರರಿ ಅದು, ಹೆಸರು ಯೂನಿವರ್ಸಲ್ ಸಿ ರನ್‌ಟೈಮ್. ವಿಂಡೋಸ್ 10ರಲ್ಲಿ ಮೊದಲಿಂದ್ಲೇ ಇರುತ್ತೆ, 7ರಲ್ಲಿ ಇರ್ಲಿಲ್ಲ, ಅದಕ್ಕೇ ಮೈಕ್ರೋಸಾಫ್ಟ್‌ನವರು ಕೆಬಿ2999226 ಅನ್ನೋ ಅಪ್‌ಡೇಟ್ ಕೊಟ್ರು. ಅದನ್ನ ಮೈಕ್ರೋಸಾಫ್ಟ್ ಸೈಟಿಂದ್ಲೇ ಇಳಿಸ್ಕೊಳ್ಳಿ, ನಿಮ್ದು 32 ಬಿಟ್ ಆದ್ರಿಂದ ಎಕ್ಸ್86 ಅಂತ ಇರೋದು.

ಆದ್ರೆ ಅದಕ್ಕೂ ಮೊದ್ಲು ಒಂದು ಕೆಲಸ ಇದೆ. ಸ್ಟಾರ್ಟ್ ಒತ್ತಿ 'ವಿನ್‌ವರ್' (winver) ಅಂತ ಇಂಗ್ಲಿಷಲ್ಲಿ ಟೈಪ್ ಮಾಡಿ ಎಂಟರ್ ಕೊಡಿ, ಸಣ್ಣ ಬಾಕ್ಸ್ ಬರುತ್ತೆ. ಅದರಲ್ಲಿ ಬಿಲ್ಡ್ 7601, ಸರ್ವೀಸ್ ಪ್ಯಾಕ್ 1 ಅಂತ ಇದ್ರೆ ಸರಿ. 7600 ಅಂತಷ್ಟೇ ಇದ್ರೆ ಸರ್ವೀಸ್ ಪ್ಯಾಕ್, ಅಂದ್ರೆ ಅಪ್‌ಡೇಟ್‌ಗಳ ದೊಡ್ಡ ಕಟ್ಟು, ಹಾಕಿಲ್ಲ ಅಂತರ್ಥ, ಆಗ ಈ ಅಪ್‌ಡೇಟ್ 'ನಿಮ್ಮ ಕಂಪ್ಯೂಟರ್‌ಗೆ ಅನ್ವಯಿಸಲ್ಲ' ಅಂತ ವಾಪಸ್ ಬರುತ್ತೆ, ಜನ ಅಲ್ಲೇ ಕೈಬಿಡ್ತಾರೆ. ಮೊದ್ಲು ಸರ್ವೀಸ್ ಪ್ಯಾಕ್ 1, ಆಮೇಲೆ ಕೆಬಿ ಫೈಲ್, ಒಂದು ರೀಸ್ಟಾರ್ಟ್, ಆಮೇಲೆ ವಿಷುಯಲ್ ಸಿ++ 2015ರ ರೀಡಿಸ್ಟ್ರಿಬ್ಯೂಟಬಲ್ (ಅದರಲ್ಲಿ ಮಾಡಿದ ಸಾಫ್ಟ್‌ವೇರ್ ಓಡೋಕೆ ಬೇಕಾದ ಮೈಕ್ರೋಸಾಫ್ಟ್ ಫೈಲ್‌ಗಳ ಕಟ್ಟು), ಇದೇ ಆರ್ಡರಲ್ಲಿ ಹೋಗಿ.

ಕಂಪ್ಯಾಟಿಬಿಲಿಟಿ ಮೋಡ್ ಇರೋದು ಹಳೇ ಸಾಫ್ಟ್‌ವೇರನ್ನ ಹೊಸ ವಿಂಡೋಸಲ್ಲಿ ಓಡ್ಸೋಕೆ. ನಿಮ್ದು ಉಲ್ಟಾ ಕೇಸು. ವಿಂಡೋಸ್ ತನ್ನಲ್ಲಿ ಇಲ್ಲದೇ ಇರೋ ಫೈಲನ್ನ ಆ ಮೋಡ್ ಎಲ್ಲಿಂದ ತಂದುಕೊಡುತ್ತೆ?

ಇನ್ನೊಂದು ಮಾತು. ಪೇಜ್‌ಮೇಕರ್ 7 ಬಂದಿದ್ದು 2001ರಲ್ಲಿ, ಅದೇ ಕೊನೇ ವರ್ಷನ್ನು, ಮದುವೆ ಕಾರ್ಡಿಂದ ಹಿಡಿದು ಸ್ಮರಣ ಸಂಚಿಕೆ ತನಕ ಎಷ್ಟೋ ಊರುಗಳ ಕೆಲಸ ಅದರಲ್ಲಿ ನುಡಿ ಫಾಂಟಲ್ಲೇ ಇದೆ, ಹಾಗಾಗಿ ಆ ಸಿಸ್ಟಮ್ ಉಳಿಸ್ಕೊಂಡಿರೋದು ತಪ್ಪಲ್ಲ. ಅದನ್ನ ಆ ಕೆಲಸಕ್ಕೇ ಇಟ್ಕೊಳ್ಳಿ, ನೆಟ್ ಕನೆಕ್ಷನ್ ತೆಗೀರಿ, ಬಿಲ್ಲಿಂಗ್‌ಗೆ ಆದಷ್ಟು ಬೇಗ ಬೇರೆ ಸಿಸ್ಟಮ್ ನೋಡಿ. ವಿಂಡೋಸ್ 7ಕ್ಕೆ ಸಾಮಾನ್ಯ ಬಳಕೆದಾರರಿಗೆ ಸೆಕ್ಯೂರಿಟಿ ಅಪ್‌ಡೇಟ್ ನಿಂತಿದ್ದು 2020ರ ಜನವರಿ 14ಕ್ಕೆ.

ಪ್ರಶ್ನೆ: ಮಗಳು ಪೈಥಾನ್ ಕಲೀತಿದಾಳೆ, ಮನೇಲಿರೋದು ವಿಂಡೋಸ್ 7 ಲ್ಯಾಪ್‌ಟಾಪ್. ಫ್ರೆಂಡ್ ಹತ್ರ ಪೆನ್‌ಡ್ರೈವಲ್ಲಿ ತಂದ ಪೈಥಾನ್ ಓಪನ್ ಮಾಡಿದ್ರೆ 'ಎಪಿಐ-ಎಂಎಸ್-ವಿನ್-ಕೋರ್-ಪಾತ್' ಡಿಎಲ್ಎಲ್ ಇಲ್ಲ ಅಂತಿದೆ. (ಶಿವಮೊಗ್ಗದ ಓದುಗರು)

ಉತ್ತರ: ಮೇಲಿನವರ ಮೆಸೇಜ್ ಥರಾನೇ ಕಾಣುತ್ತೆ, ಆದ್ರೆ ಇಲ್ಲಿ 'ಸಿಆರ್‌ಟಿ' ಜಾಗದಲ್ಲಿ 'ಕೋರ್' ಇದೆ, ಅಷ್ಟರಲ್ಲೇ ಪೂರ್ತಿ ವ್ಯತ್ಯಾಸ. ಇದು ವಿಂಡೋಸ್ 8ರಲ್ಲಿ ಹೊಸದಾಗಿ ಬಂದ ಭಾಗ, 7ಕ್ಕೆ ಇದನ್ನ ಅಪ್‌ಡೇಟಾಗಿ ಕೊಡ್ಲೇ ಇಲ್ಲ, ಹಾಗಾಗಿ ಏನು ಹಾಕಿದ್ರೂ ಸರಿಹೋಗಲ್ಲ. ಪೈಥಾನ್ 3.9ರಿಂದ ವಿಂಡೋಸ್ 7ಕ್ಕೆ ಸಪೋರ್ಟ್ ಇಲ್ಲ. ಪೈಥಾನ್‌ನ ಸ್ವಂತ ಸೈಟಲ್ಲಿ ಹಳೇ ವರ್ಷನ್‌ಗಳೆಲ್ಲಾ ಸಿಗುತ್ತೆ, 3.8.10 ತಗೊಳ್ಳಿ, 3.8ರಲ್ಲಿ ವಿಂಡೋಸ್ ಇನ್‌ಸ್ಟಾಲರ್ ಜೊತೆ ಬಂದ ಕೊನೇದು ಅದೇ. ಲೂಪ್, ಲಿಸ್ಟ್, ಫಂಕ್ಷನ್ ಕಲಿಯೋಕೆ ಧಾರಾಳ ಸಾಕು. ಪುಸ್ತಕದಲ್ಲಿ 'ಮ್ಯಾಚ್-ಕೇಸ್' ಬಂದ್ರೆ ಮಾತ್ರ ಓಡಲ್ಲ, ಅದು 3.10ರಲ್ಲಿ ಬಂದಿದ್ದು. ಮಗಳಿಗೆ ಮೊದ್ಲೇ ಹೇಳಿಡಿ, ತನ್ನ ಕೋಡೇ ತಪ್ಪು ಅಂದ್ಕೊಂಡು ಬೇಜಾರಾಗೋದು ಬೇಡ.

ಪ್ರಶ್ನೆ: ನನ್ನ ಸಿಸ್ಟಮಲ್ಲಿ ಒಂದು ಸಾಫ್ಟ್‌ವೇರ್ ಡಬಲ್ ಕ್ಲಿಕ್ ಮಾಡಿದ್ರೆ ಏನೂ ಆಗಲ್ಲ, ಎರರ್ ಕೂಡಾ ಇಲ್ಲ. (ತುಮಕೂರಿನ ಓದುಗರು)

ಉತ್ತರ: ಎರರ್ ತೋರ್ಸಿಲ್ಲ ಅಷ್ಟೇ, ವಿಂಡೋಸ್ ಎಷ್ಟೋ ಸಲ ಒಳಗೆ ಬರೆದಿಟ್ಟಿರುತ್ತೆ. ಸ್ಟಾರ್ಟಲ್ಲಿ ಈವೆಂಟ್ ವ್ಯೂವರ್ ಹುಡುಕಿ, ವಿಂಡೋಸ್ ಲಾಗ್ಸ್, ಅದರೊಳಗೆ ಅಪ್ಲಿಕೇಶನ್. ನೀವು ಕ್ಲಿಕ್ ಮಾಡಿದ ಟೈಮಿಗೆ ಸರಿಯಾಗಿ ಒಂದು ಕೆಂಪು ಗುರುತು ಇದ್ರೆ ತೆಗೆದು ನೋಡಿ, ಫಾಲ್ಟಿಂಗ್ ಮಾಡ್ಯೂಲ್ ಅಂತ ಒಂದು ಫೈಲ್ ಹೆಸರು, ಕೆಳಗೆ ಎಕ್ಸೆಪ್ಶನ್ ಕೋಡ್ ಇರುತ್ತೆ. ಕೋಡ್ ಕೊನೇಲಿ 1ಡಿ ಇದ್ರೆ, ಅಂದ್ರೆ ಸಿ000001ಡಿ ಆದ್ರೆ, ಸಾಮಾನ್ಯವಾಗಿ ತಕರಾರು ವಿಂಡೋಸದ್ದಲ್ಲ, ಸಾಫ್ಟ್‌ವೇರ್ ಕೇಳ್ತಿರೋ ಸೂಚನೆ ನಿಮ್ಮ ಹಳೇ ಪ್ರೊಸೆಸರ್‌ಗೆ ಗೊತ್ತಿಲ್ಲ. ಆಗ ವಿಂಡೋಸ್ ಬದಲಾಯ್ಸಿ ದುಡ್ಡು ಕಳ್ಕೊಬೇಡಿ, ಅದೇ ಸಾಫ್ಟ್‌ವೇರಿನ ಹಳೇ ವರ್ಷನ್ ಹುಡುಕಿ. ಬೇರೆ ಕೋಡ್ ಇದ್ರೆ ಆ ಎರಡು ಸಾಲು ಹಾಗೇ ಬರೆದು ಕಳ್ಸಿ, ನೋಡೋಣ.

ಪ್ರಶ್ನೆ: ವಿಂಡೋಸ್ 7ರಲ್ಲಿ ಕ್ರೋಮ್ ಅಪ್‌ಡೇಟೇ ಆಗ್ತಿಲ್ಲ. (ಮುಂಬೈ ಓದುಗರು)

ಉತ್ತರ: ಆಗಲ್ಲ. 109 ಕೊನೇದು, 2023ರ ಫೆಬ್ರವರಿಯಲ್ಲಿ ಬಂದ 110ಕ್ಕೆ ವಿಂಡೋಸ್ 10 ಬೇಕು. ಬ್ರೌಸರ್ ಬೇಕೇಬೇಕು ಅಂದ್ರೆ ಫೈರ್‌ಫಾಕ್ಸ್ 115 ಇಎಸ್ಆರ್ (ಹೆಚ್ಚು ಕಾಲ ಸಪೋರ್ಟ್ ಕೊಡೋ ವರ್ಷನ್) ಹಾಕ್ಕೊಳ್ಳಿ, 7ರಲ್ಲಿ ಓಡುತ್ತೆ. ಬ್ಯಾಂಕ್ ವ್ಯವಹಾರ ಮಾತ್ರ ಆ ಸಿಸ್ಟಮಲ್ಲಿ ಮಾಡ್ಬೇಡಿ, ಅಪ್‌ಡೇಟ್ ಆಗಿರೋ ಫೋನಲ್ಲಿ ಮಾಡಿ.